ಕೆಂಡದ ಉಳ್ಳಾಗಡ್ಡಿ, ಸ್ಲೋ ಕುಕ್ಕರಿನ ಸೂಪು

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಅಡುಗೆಮನೆಯಲ್ಲಿ ಉಳ್ಳಾಗಡ್ಡಿಗೆ ಎರಡು ಗತಿ. ಒಂದು, ಹೆಚ್ಚಿಸಿಕೊಂಡು ಒಗ್ಗರಣೆಗೆ ಬೀಳುವುದು. ಇನ್ನೊಂದು, ರೊಟ್ಟಿ ಬಡಿದು ಮುಗಿದ ಮೇಲೆ ಒಲೆಯಲ್ಲುಳಿದ ಕೆಂಡದೊಳಗೆ ಸಿಪ್ಪೆ ಸಮೇತ ಹೂತುಕೊಳ್ಳುವುದು. ಹೊರಗಿನ ಪದರ ಕರಕಲಾಗುತ್ತದೆ, ಬುಡದಿಂದ ರಸ ಸುಂಯ್ ಎಂದು ಉಕ್ಕುತ್ತದೆ, ಆ ರಸ ಬೂದಿಯ ಮೇಲೆ ಕಂದು ಅಂಟಾಗುವ ಹೊತ್ತಿಗೆ ಗಡ್ಡೆ ಬೆಂದಿರುತ್ತದೆ. ಸುಟ್ಟ ಒಣಕೊಬ್ಬರಿ, ಬೆಳ್ಳುಳ್ಳಿ, ಕಾರಪುಡಿ ಜೊತೆ ಅದನ್ನು ಅರೆದರೆ ಕಪ್ಪು ರಸ್ಸಾದ ಮಸಾಲೆ. 1956ರವರೆಗೆ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಹಾಗಾಗಿ ರಾಜ್ಯದ ಗಡಿಯ ಈಚೆಯ ಭಾಲ್ಕಿ, ಬಸವಕಲ್ಯಾಣಗಳಲ್ಲೂ ಸುಡುವ ರೀತಿ ಇದೇ.

ದುಡಿಮೆಗೆಂದು ಪುಣೆ, ಹೈದರಾಬಾದು ಸೇರಿದವರ ಮನೆಯಲ್ಲಿ ಕೆಂಡ ಎಲ್ಲಿಂದ ಬರಬೇಕು? ಅಲ್ಲಿ ಗ್ಯಾಸ್ ಕಟ್ಟೆಯ ಮೇಲೆ ಸ್ಲೋ ಕುಕ್ಕರ್ ಇಟ್ಟು ಉಳ್ಳಾಗಡ್ಡಿ ಸೂಪು ಮಾಡಿದರೆ ಊರಿನ ರುಚಿ ಬಂದೀತೆ? ಅರ್ಧ ಬರುತ್ತದೆ. ಜೊತೆಗೆ, ಕೆಂಡಕ್ಕೆ ಆಗದ ಇನ್ನೊಂದು ರುಚಿಯೂ ಬರುತ್ತದೆ.

ಮೊದಲು ಯಂತ್ರ. ಶಿಕಾಗೊದ ಇರ್ವಿಂಗ್ ನ್ಯಾಕ್ಸನ್ 1936ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದ, 1940ರಲ್ಲಿ ಅದು ಕೈಸೇರಿತು. ಲಿಥುವೇನಿಯಾದ ಯಹೂದಿಗಳು ಶುಕ್ರವಾರ ಸಂಜೆ ಕಾಳು-ಮಾಂಸದ ಗಡಿಗೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿಟ್ಟು, ಮರುದಿನ, ಸಬ್ಬತ್ ಎಂಬ ವಿಶ್ರಾಂತಿಯ ದಿನ, ತೆಗೆದು ಉಣ್ಣುತ್ತಿದ್ದರೆಂದು ತಾಯಿ ಹೇಳಿದ್ದು ಅವನ ಪ್ರೇರಣೆ. 1970ರಲ್ಲಿ ರೈವಲ್ ಕಂಪನಿ ಅವನ ಕಂಪನಿಯನ್ನು ಕೊಂಡು, ಮರುವರ್ಷ ‘ಕ್ರಾಕ್-ಪಾಟ್’ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ನಮ್ಮಲ್ಲಿ ಇದಕ್ಕೂ ಮೊದಲೇ, 1910ರಲ್ಲಿ, ಬಂಗಾಳದ ಡಾ. ಇಂದುಮಾಧವ ಮಲ್ಲಿಕ್ ತಳದಲ್ಲಿ ಇದ್ದಿಲು, ಮೇಲೆ ಡಬ್ಬಿಗಳ ಸಾಲು ಇರುವ ಇಕ್ಮಿಕ್ ಕುಕ್ಕರ್ ಮಾಡಿದ್ದರು. ಅದೂ ನಿಧಾನದ ಅಡುಗೆಯೇ.

ಸ್ಲೋ ಕುಕ್ಕರಿನ ಒಳಗೆ ಹೆಚ್ಚಿನದೇನೂ ಇಲ್ಲ. ದಪ್ಪ ಪಿಂಗಾಣಿ ಪಾತ್ರೆ. ಅದರ ಪಕ್ಕೆಗಳನ್ನು ಸುತ್ತಿದ ಬಿಸಿ ತಂತಿ. ಮೇಲೆ ಗಾಜಿನ ಮುಚ್ಚಳ. ತಂತಿ ಎಳೆಯುವುದು ಸಾಮಾನ್ಯವಾಗಿ 200–250 ವ್ಯಾಟ್, ಎಂಟು ತಾಸಿಗೆ ಒಂದೂವರೆ ಎರಡು ಯೂನಿಟ್. ಮೇಲೇರಿದ ಹಬೆ ಮುಚ್ಚಳಕ್ಕೆ ತಾಗಿ, ಹನಿಯಾಗಿ ಇಳಿದು, ಅಂಚಿನಲ್ಲಿ ತೆಳುವಾದ ನೀರಿನ ಉಂಗುರ ಕಟ್ಟುತ್ತದೆ. ಆ ಉಂಗುರವೇ ಅದರ ಗ್ಯಾಸ್ಕೆಟ್. ಇಣುಕಿ ನೋಡುವ ಚಪಲಕ್ಕೆ ಮುಚ್ಚಳ ತೆಗೆದಿರೋ, ಹೋದ ಕಾವು ಮರಳಲು ಕಾಲು ಗಂಟೆಗೂ ಹೆಚ್ಚು ಬೇಕು. ‘ಲೋ’, ‘ಹೈ’ ಗುಂಡಿಗಳ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಬಹುತೇಕ ಮಾದರಿಗಳಲ್ಲಿ ಎರಡೂ ಕೊನೆಗೆ ತಲುಪುವುದು ಕುದಿಬಿಂದುವಿನ ಹತ್ತಿರಕ್ಕೇ. ಒಂದು ಬೇಗ, ಇನ್ನೊಂದು ತಡವಾಗಿ.

ಬಣ್ಣದ ವಿಷಯದಲ್ಲಿ ಯಂತ್ರ ಸೋಲುವುದು ಇಲ್ಲೇ. ಉಳ್ಳಾಗಡ್ಡಿಯ ತೂಕದಲ್ಲಿ ನೂರಕ್ಕೆ ಸುಮಾರು 89 ಪಾಲು ನೀರು. ನೀರು ಇರುವವರೆಗೆ ಪಾತ್ರೆ 100 ಡಿಗ್ರಿ ದಾಟದು. ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಕಂದಾಗುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್ 1912ರಲ್ಲಿ ವಿವರಿಸಿದ. ಅದು ಚುರುಕಾಗುವುದು ಒಣ ಮೇಲ್ಮೈಯ 140 ಡಿಗ್ರಿಯ ಆಸುಪಾಸಿನಲ್ಲಿ. ಕೆಂಡ ಇದನ್ನು ನಿಮಿಷಗಳಲ್ಲಿ ಮುಗಿಸುತ್ತದೆ. ಸ್ಲೋ ಕುಕ್ಕರಿನಲ್ಲಿ ಹತ್ತು ಹನ್ನೆರಡು ತಾಸಿಗೆ ಜೇನಿನ ಬಣ್ಣ ಬಂದರೆ ಪುಣ್ಯ, ಅದೂ ಮೊದಲು ಪಾತ್ರೆಯ ಅಂಚಿನಲ್ಲಿ.

ಹಾಗಾದರೆ ಗೆಲ್ಲುವುದೆಲ್ಲಿ? ಕೊಯ್ತದಲ್ಲಿ. ಇಡೀ ಗಡ್ಡೆಯ ಜೀವಕೋಶದಲ್ಲಿ ಗಂಧಕದ ಸಂಯುಕ್ತ ಒಂದು ಕೋಣೆಯಲ್ಲಿ, ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಚಾಕು ಆಡಿದಾಗಲೇ ಎರಡೂ ಕೂಡುವುದು. ಕಣ್ಣೀರು ಬರಿಸುವ ಅನಿಲ ಹುಟ್ಟಲು ಇನ್ನೊಂದು ಕಿಣ್ವವೂ ಬೇಕೆಂದು ಜಪಾನಿನ ಸಂಶೋಧಕರು 2002ರಲ್ಲಿ ತೋರಿಸಿದರು. ಕೆಂಡದಲ್ಲಿ ಹೂತ ಇಡೀ ಗಡ್ಡೆಯಲ್ಲಿ ಈ ಕಿಣ್ವಗಳು ಕೂಡುವ ಮೊದಲೇ ಕಾವಿಗೆ ಸತ್ತುಹೋಗುತ್ತವೆ; ಅದಕ್ಕೇ ಸುಟ್ಟ ಉಳ್ಳಾಗಡ್ಡಿ ಖಾರವಿಲ್ಲದೆ ಸಿಹಿ. ಆದರೆ ಸಣ್ಣಗೆ ಹೆಚ್ಚಿ ಒಂದಷ್ಟು ಹೊತ್ತು ಬಿಟ್ಟು, ಆಮೇಲೆ ನೀರಿನಲ್ಲಿ ನಿಧಾನ ಬೇಯಿಸಿದರೆ ಆ ಅನಿಲದ ಚೂರುಗಳಿಂದಲೇ ಬೇರೊಂದು ಗಂಧಕದ ವಸ್ತು ಕಟ್ಟಿಕೊಳ್ಳುತ್ತದೆ. ರಸಾಯನ ವಿಜ್ಞಾನಿಗಳು ಅದನ್ನು ಚುಟುಕಾಗಿ ಎಂಎಂಪಿ ಅನ್ನುತ್ತಾರೆ. ಅದರ ವಾಸನೆ ಮಾಂಸದ ರಸದ್ದು. ನೂರು ಕೋಟಿ ಪಾಲು ನೀರಿಗೆ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗು ಹಿಡಿಯುತ್ತದೆ. ಎಲುಬಿಲ್ಲದೆ ಮಾಡಿದ ಉಳ್ಳಾಗಡ್ಡಿ ಸೂಪಿಗೂ ದಪ್ಪ ರುಚಿ ಬರುವುದು ಇದರಿಂದ.

ಆದ್ದರಿಂದ ನನ್ನ ಮತ ಇಷ್ಟು: ಪಾತ್ರೆಗೆ ಎರಡೂ ಬಗೆಯ ಉಳ್ಳಾಗಡ್ಡಿ ಬೇಕು. ಮುಕ್ಕಾಲು ಪಾಲು ಹೆಚ್ಚಿ, ಅರ್ಧ ಗಂಟೆ ಬಿಟ್ಟು, ಎಣ್ಣೆ, ಉಪ್ಪು, ಸ್ವಲ್ಪ ನೀರಿನೊಂದಿಗೆ ಕುಕ್ಕರಿಗೆ ಹಾಕಿ. ಕಾಲು ಪಾಲನ್ನು ಗ್ಯಾಸಿನ ಉರಿಯ ಮೇಲಾದರೂ ಸುಟ್ಟು, ಕರಕಲು ಸಿಪ್ಪೆ ತೆಗೆದು, ಅರೆದು ಸೇರಿಸಿ. ಬೇಸಿಗೆಯಲ್ಲಿ ಕಿತ್ತು ಒಣಗಿಸಿ ಕಾಪಿಟ್ಟ ಗಡ್ಡೆ ಇದಕ್ಕೆ ಮೇಲು. ಮಳೆಗಾಲದ ಬೆಳೆಯಲ್ಲಿ ನೀರಿನಂಶ ಹೆಚ್ಚು. ಕಣ್ಣುರಿಸುವ ಉಳ್ಳಾಗಡ್ಡಿಯಲ್ಲಿ ಸಕ್ಕರೆ ಕಡಿಮೆ ಎಂದುಕೊಳ್ಳಬೇಡಿ. ಅದರಲ್ಲಿ ಗಂಧಕ ಹೆಚ್ಚು, ಅಷ್ಟೇ.

ಊರಿನಲ್ಲೇ ಮಾಡುವವರಿಗೆ ನೀರಿನ ತಕರಾರು ಬೇರೆ. ಈ ಸೀಮೆ ಇಡೀ ಕಪ್ಪುಕಲ್ಲಿನ ಹಾಸು. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಉಳ್ಳಾಗಡ್ಡಿಯ, ತೊಗರಿಬೇಳೆಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ನನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿಯುತ್ತದೆ. ಬೋರಿನ ನೀರಿಗೆ ಬೇಳೆ ಬೇಯೋದಿಲ್ಲ ಎಂದು ಹೆಂಗಸರು ಗೊಣಗುವುದು ಸುಳ್ಳಲ್ಲ, ಅವರು ಹಾಕುವ ಚಿಟಿಕೆ ಸೋಡಾ ಮೌಢ್ಯವೂ ಅಲ್ಲ. ಸೋಡಾ ಪೆಕ್ಟಿನ್ನನ್ನು ಸಡಿಲಿಸುವುದರ ಜೊತೆಗೆ ಕಂದಾಗುವ ಕ್ರಿಯೆಯನ್ನೂ ಚುರುಕುಗೊಳಿಸುತ್ತದೆ. ಆದರೆ ಚಿಟಿಕೆಗಿಂತ ಹೆಚ್ಚಾದರೆ ಸಾಬೂನಿನ ರುಚಿ. ಹುಣಸೆ, ಟೊಮೆಟೊ ಇದಕ್ಕೆ ತದ್ವಿರುದ್ಧ: ಹುಳಿ ಮೊದಲೇ ಬಿದ್ದರೆ ಉಳ್ಳಾಗಡ್ಡಿ ಎಂಟು ತಾಸಾದರೂ ಕರುಂ ಅನ್ನುತ್ತದೆ. ಹುಳಿ ಕೊನೆಗೇ ಇರಲಿ.

ಇನ್ನು ಎರಡು ಎಚ್ಚರಿಕೆ. ಸೂಪಿಗೆ ರಾಜ್ಮಾ ಹಾಕುವ ಮನಸ್ಸಾದರೆ ನೆನೆಸಿ, ಆ ನೀರು ಚೆಲ್ಲಿ, ಬೇರೆ ಪಾತ್ರೆಯಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿಯೇ ಹಾಕಿ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ವಿಷ ಸ್ಲೋ ಕುಕ್ಕರಿನ ಮಂದ ಕಾವಿಗೆ ಪೂರ್ತಿ ಅಳಿಯುವುದಿಲ್ಲ. ಎರಡನೆಯದು ಕರೆಂಟು. ಪಾತ್ರೆಯ ಕಾವು 60 ಡಿಗ್ರಿಗಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ನೀವು ಹೊರಗಿದ್ದಾಗ ಕರೆಂಟು ಹೋಗಿ, ಎಷ್ಟು ಹೊತ್ತು ಹೋಗಿತ್ತೆಂಬುದು ಗೊತ್ತಾಗದಿದ್ದರೆ, ಸೂಪು ಎಷ್ಟೇ ಘಮಘಮಿಸುತ್ತಿರಲಿ, ಚೆಲ್ಲಿಬಿಡಿ.