ಜಲಪಾತಗಳ ಚಾರಣ: ಹೊರಡುವ ಮುನ್ನ ನದಿಯನ್ನು ಅರಿಯಿರಿ

ಶಿರಸಿ: ಮುಂಗಾರು ಘಟ್ಟವೇರಿತೆಂದರೆ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳತ್ತ ವಾರಾಂತ್ಯದ ವಾಹನಗಳ ಸಾಲು ಆರಂಭವಾಗುತ್ತದೆ. ಜಲಪಾತಗಳ ಜಿಲ್ಲೆಯೆಂದೇ ಹೆಸರಾದ ಉತ್ತರ ಕನ್ನಡದಲ್ಲಿ ಉಂಚಳ್ಳಿ, ಮಾಗೋಡು, ಸಾತೊಡ್ಡಿ, ವಿಭೂತಿ, ಬುರುಡೆ, ಶಿವಗಂಗಾ, ಬೆಣ್ಣೆಹೊಳೆ ಹೀಗೆ ಹೆಸರುಗಳ ಪಟ್ಟಿ ಉದ್ದವಾಗಿಯೇ ಇದೆ. ದಾರಿ ಎಷ್ಟು ದೂರ, ಊಟ ಎಲ್ಲಿ, ಫೋಟೊ ಎಲ್ಲಿಂದ ಚೆನ್ನಾಗಿ ಬರುತ್ತದೆ ಎಂದು ವಿಚಾರಿಸಿಕೊಂಡು ಬರುವವರು ಬಹಳ. ಆ ನೀರು ಎಲ್ಲಿಂದ ಬರುತ್ತದೆ ಎಂದು ವಿಚಾರಿಸುವವರು ವಿರಳ. ಪ್ರಾಣಾಪಾಯದ ದೃಷ್ಟಿಯಿಂದ ನೋಡಿದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಅಣೆಕಟ್ಟೆ ಇರುವ ನದಿ, ಇಲ್ಲದ ನದಿ

ಶಿವಮೊಗ್ಗ ಜಿಲ್ಲೆಯ ಗಡಿಯಲ್ಲಿ 253 ಮೀಟರ್ ಎತ್ತರದಿಂದ ಧುಮುಕುವ ಜೋಗದ ವೈಭವ ಮಳೆಯೊಂದನ್ನೇ ಅವಲಂಬಿಸಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿಯ ನೀರನ್ನು ಮೇಲ್ಭಾಗದಲ್ಲೇ ತಡೆಯುತ್ತದೆ. ಜಲಾಶಯ ತುಂಬಿ ಗೇಟು ತೆರೆದಾಗಷ್ಟೇ ಅಲ್ಲಿ ಹಳೆಯ ಅಬ್ಬರ ಕಾಣಸಿಗುವುದು. ಆದ್ದರಿಂದ ಜೋಗಕ್ಕೆ ಹೊರಡುವವರು ಮಳೆಯ ಸುದ್ದಿಯ ಜೊತೆಗೆ ಜಲಾಶಯದ ಮಟ್ಟದ ಸುದ್ದಿಯನ್ನೂ ಓದಬೇಕು.

ಅಘನಾಶಿನಿಯ ಕಥೆ ಬೇರೆ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ ಸಮುದ್ರ ಸೇರುವ ತನಕ ಈ ನದಿಗೆ ದೊಡ್ಡ ಅಣೆಕಟ್ಟೆಯೇ ಇಲ್ಲ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ಸಮೀಪ ಅದು 116 ಮೀಟರ್ ಆಳಕ್ಕೆ ಬೀಳುವ ತಾಣವೇ ಉಂಚಳ್ಳಿ. 1845ರಲ್ಲಿ ಇದನ್ನು ಗುರುತಿಸಿದನೆನ್ನಲಾದ ಬ್ರಿಟಿಷ್ ಅಧಿಕಾರಿಯ ನೆನಪಿಗೆ ಲಷಿಂಗ್ಟನ್ ಜಲಪಾತವೆಂಬ ಹೆಸರೂ ಇದಕ್ಕಿದೆ. ಸುತ್ತಲಿನ ಹಳ್ಳಿಗರು ಇಟ್ಟ ಹೆಸರು ಮಾತ್ರ 'ಕೆಪ್ಪ ಜೋಗ'. ಕಿವಿ ಕೆಪ್ಪಾಗುವಷ್ಟು ಸದ್ದು ಎಂಬ ಅರ್ಥದಲ್ಲಿ. ಇಂಥ ನದಿಯಲ್ಲಿ ಮೇಲೆ ಸುರಿದ ಮಳೆಯನ್ನು ಹಿಡಿದಿಡುವ ಕಟ್ಟೆಯಿಲ್ಲ. ಕೆಲವೇ ಗಂಟೆಗಳಲ್ಲಿ ಅದು ಕೆಳಗೆ ಪ್ರವಾಹವಾಗಿ ಇಳಿಯುತ್ತದೆ.

ಅಪರಿಚಿತರು ಮೋಸ ಹೋಗುವುದು ಇಲ್ಲಿಯೇ. ಜಲಪಾತದ ಬಳಿ ಬಿಸಿಲಿರಬಹುದು, ಆಗಸ ತಿಳಿಯಾಗಿರಬಹುದು. ಹತ್ತಾರು ಕಿಲೋಮೀಟರ್ ಮೇಲಿನ ಜಲಾನಯನ ಪ್ರದೇಶದಲ್ಲಿ ಸುರಿದ ಮಳೆ ಅಷ್ಟರಲ್ಲಿ ಹಳ್ಳಗಳಲ್ಲಿ ಒಟ್ಟುಗೂಡಿರುತ್ತದೆ. ತಿಳಿ ನೀರು ಕೆಂಪಾಗುವುದು, ತರಗೆಲೆ ಹಾಗೂ ಕಡ್ಡಿಗಳು ತೇಲಿ ಬರುವುದು, ಸದ್ದಿನಲ್ಲಿ ಒಮ್ಮೆಗೇ ಗಡಸುತನ ಕೇಳಿಸುವುದು ನೀರು ಏರುತ್ತಿರುವುದರ ಲಕ್ಷಣಗಳು. ಆಗ ಸಾಮಾನು ಸರಂಜಾಮುಗಳ ಆಸೆ ಬಿಟ್ಟು ದಡದ ಎತ್ತರದ ಜಾಗಕ್ಕೆ ಏರಬೇಕು. ಹಳ್ಳದ ಗುಂಟ ಕೆಳಮುಖವಾಗಿ ಓಡಬಾರದು. ಹೋಗುವಾಗ ಮೊಣಕಾಲುದ್ದವಿದ್ದ ಹಳ್ಳ ಬರುವಾಗ ಎದೆಮಟ್ಟಕ್ಕೇರಿದ್ದರೆ ದಾಟುವ ಸಾಹಸ ಬೇಡ. ಮಳೆ ನಿಂತರೆ ಸಣ್ಣ ಹಳ್ಳಗಳು ಬೇಗನೆ ಇಳಿಯುತ್ತವೆ.

ಚಿಕ್ಕದೆಂಬ ಅಸಡ್ಡೆ

ಎತ್ತರದ ಜಲಪಾತವೇ ಹೆಚ್ಚು ಅಪಾಯಕಾರಿ ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಬೇಡ್ತಿ ನದಿಯ ಮಾಗೋಡನ್ನು ಅಥವಾ ಉಂಚಳ್ಳಿಯನ್ನು ಬಹುತೇಕರು ನೋಡುವುದು ದೂರದ ವೀಕ್ಷಣಾ ಕಟ್ಟೆಯಿಂದ. ಕಂಬಿಯ ಈಚೆಗಿರುವವರೆಗೆ ಭಯವಿಲ್ಲ. ಯಲ್ಲಾಪುರದ ಸಾತೊಡ್ಡಿಯ ಎತ್ತರವಾದರೋ ಸುಮಾರು 15 ಮೀಟರ್ ಮಾತ್ರ. ಕಾಳಿ ನದಿಯ ಕೊಡಸಳ್ಳಿ ಹಿನ್ನೀರಿಗೆ ಸೇರುವ ಈ ಜಲಧಾರೆಯ ಬುಡದವರೆಗೂ ಕಾಡಿನೊಳಗೆ ನಡೆದುಹೋಗಬಹುದು. ನೀರಿಗಿಳಿಯುವ ಆಸೆ ಹುಟ್ಟುವುದು ಇಂಥ ಕಡೆಗಳಲ್ಲಿ.

ಧಾರೆ ಬೀಳುವ ಮಡುವಿನ ನೊರೆನೀರಿನಲ್ಲಿ ಗಾಳಿಗುಳ್ಳೆಗಳು ತುಂಬಿರುತ್ತವೆ. ಅಂಥ ನೀರಿಗೆ ದೇಹವನ್ನು ತೇಲಿಸುವ ಶಕ್ತಿ ಕಡಿಮೆ. ಜೊತೆಗೆ ಬಿದ್ದ ನೀರು ತಳ ಮುಟ್ಟಿ ಮೇಲೆದ್ದು ಪುನಃ ಧಾರೆಯ ಕಡೆಗೇ ಎಳೆಯುತ್ತದೆ. ಈಜುಕೊಳದಲ್ಲಿ ಪಳಗಿದವರೂ ಇಲ್ಲಿ ಮುಳುಗುವುದಕ್ಕೆ ಕಾರಣ ಇದು. ಪಾಚಿಗಟ್ಟಿದ ಬಂಡೆ ಇನ್ನೊಂದು ಶತ್ರು. 2023ರ ಜುಲೈನಲ್ಲಿ ಉಡುಪಿ ಜಿಲ್ಲೆಯ ಕೊಲ್ಲೂರು ಬಳಿಯ ಅರಸಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ಕೊಚ್ಚಿಹೋದ. ಜೊತೆಗಾರನ ಮೊಬೈಲ್‌ನಲ್ಲಿ ಅದೇ ಕ್ಷಣ ಚಿತ್ರೀಕರಣ ನಡೆದಿತ್ತು. ಶವ ದೊರೆಯಲು ಸುಮಾರು ಒಂದು ವಾರ ಹಿಡಿಯಿತು.

ಯಾವಾಗ ಹೋಗಬೇಕು?

ಜುಲೈ, ಆಗಸ್ಟ್‌ನಲ್ಲಿ ಜಲಪಾತ ತುಂಬಿರುತ್ತದೆ ನಿಜ. ಆದರೆ ಆಗ ಎಷ್ಟೋ ಸಲ ಮಂಜು ಕವಿದು ಸದ್ದು ಕೇಳಿಸುತ್ತದೆಯೇ ಹೊರತು ನೀರು ಕಾಣಿಸುವುದಿಲ್ಲ. ದಾರಿಯ ಚಿಂತೆಯೂ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಹಾನಿಯಾದದ್ದನ್ನು ರಾಜ್ಯ ಮರೆತಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 115.6 ಮಿಲಿಮೀಟರ್ ದಾಟಿದರೆ 'ಅತಿ ಭಾರಿ' ಮಳೆ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದ ದಿನ ಪ್ರವಾಸ ರದ್ದುಪಡಿಸುವುದೇ ವಿವೇಕ. ಇಂಥ ಸಂದರ್ಭಗಳಲ್ಲಿ ಜಿಲ್ಲಾಡಳಿತ ಜಲಪಾತಗಳಿಗೆ ಪ್ರವೇಶ ನಿರ್ಬಂಧಿಸುವುದೂ ಉಂಟು.

ನಡಿಗೆಗೆ ಹಿತವಾದ ಕಾಲ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ. ನೀರಿರುತ್ತದೆ, ನೋಟವೂ ತೆರೆದಿರುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಸಾಧ್ಯತೆ ಅಕ್ಟೋಬರ್‌ನಲ್ಲೂ ಇರುವುದರಿಂದ ಮುಂಜಾನೆಯೇ ಹೊರಡುವುದು ಒಳಿತು.

ಡಿಸೆಂಬರ್ ನಂತರ ಬೇಸಿಗೆ ಮುಗಿಯುವ ತನಕ ಕಾಡಿನಲ್ಲಿ ಇನ್ನೊಂದು ಅಪಾಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಸಿದ್ದಾಪುರ ಭಾಗದಲ್ಲಿ ಅದರ ನೆನಪು ಹಳೆಯದಾಗಿಲ್ಲ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಹೋಗದಿರುವುದು, ತುಂಬು ತೋಳಿನ ಉಡುಪು ಧರಿಸುವುದು, ಮರಳಿದ ಕೂಡಲೇ ಬಟ್ಟೆ ಒಗೆದು ಬಿಸಿನೀರಿನ ಸ್ನಾನ ಮಾಡುವುದು ಅಗತ್ಯ. ಬಳಿಕ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಲೇಬೇಕು. ನಗರದ ವೈದ್ಯರಿಗೆ ತಾವಾಗಿ ಹೊಳೆಯದಿರಬಹುದು. ಇದಕ್ಕೆ ಹೋಲಿಸಿದರೆ ಮಳೆಗಾಲದ ಉಂಬಳ ತೀರಾ ನಿರುಪದ್ರವಿ. ರಕ್ತ ಹೀರುತ್ತದೆ, ಉಪ್ಪು ಸೋಕಿದರೆ ಬಿಡುತ್ತದೆ, ಅಷ್ಟೇ.

ಅನುಮತಿ ಮತ್ತು ಹೊತ್ತು

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರ ನೂಕುನುಗ್ಗಲು ಉಂಟಾದ ಬಳಿಕ ರಾಜ್ಯ ಸರ್ಕಾರ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ಆನ್‌ಲೈನ್ ನೋಂದಣಿ ವ್ಯವಸ್ಥೆ ತಂದಿತು. ಅರಣ್ಯ ಇಲಾಖೆ ಗುರುತಿಸಿದ ಮಾರ್ಗಗಳಿಗೆ ಮುಂಗಡ ನೋಂದಣಿ ಬೇಕು. ಉಳಿದೆಡೆ ಸಮೀಪದ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ. ಅಂತರ್ಜಾಲದ ನಕ್ಷೆ ತೋರಿಸಿದ ಒಳದಾರಿಯನ್ನು ನಂಬಿ ಹೊರಡುವುದಕ್ಕಿಂತ ಊರಿನವರೊಬ್ಬರಿಗೆ ಯೋಗ್ಯ ಸಂಭಾವನೆ ಕೊಟ್ಟು ಕರೆದೊಯ್ಯುವುದು ಲೇಸು. ಹಳ್ಳದ ಯಾವ ಗುಂಡಿ ಯಾರನ್ನು ನುಂಗಿದೆ ಎಂಬುದು ನಕ್ಷೆಗಿಂತ ಚೆನ್ನಾಗಿ ಅವರಿಗೆ ಗೊತ್ತು.

ಬಯಲಿನಲ್ಲಿ ಗಂಟೆಗೆ ಐದು ಕಿಲೋಮೀಟರ್ ನಡೆಯುವವರು ಕಾಡಿನ ಇಳಿಜಾರಿನಲ್ಲಿ ಎರಡು ಕಿಲೋಮೀಟರ್ ಲೆಕ್ಕ ಹಾಕಿಕೊಂಡರೆ ಕ್ಷೇಮ. ಕಣಿವೆಗೆ ಇಳಿಯುವ ಚಾರಣದಲ್ಲಿ ಕಷ್ಟದ ಭಾಗ ಉಳಿಯುವುದೇ ಕೊನೆಗೆ. ದಣಿದ ಮೇಲೆ ಏರಬೇಕು. ದಟ್ಟ ಮರಗಳ ಕೆಳಗೆ ಸಂಜೆ ಐದೂವರೆಗೇ ಕತ್ತಲಾವರಿಸುವುದರಿಂದ ಮೂರು ಗಂಟೆಯೊಳಗೆ ನೀರಿನ ಬಳಿಯಿಂದ ಹೊರಟಿರಬೇಕು. ಕಣಿವೆಯಲ್ಲಿ ಮೊಬೈಲ್ ಸಂಪರ್ಕ ಸಿಗದ ಕಡೆಗಳೇ ಹೆಚ್ಚು. ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ತಂಗಿದ ಮನೆಯಲ್ಲೋ ದಾರಿಯ ಅಂಗಡಿಯಲ್ಲೋ ಚೀಟಿಯಲ್ಲಿ ಬರೆದಿಟ್ಟು, ಆ ಹೊತ್ತು ಮೀರಿದರೆ 112ಕ್ಕೆ ಕರೆ ಮಾಡುವಂತೆ ಹೇಳಿ ಕಾಡಿಗೆ ಇಳಿಯಿರಿ.