ಆಕಾಶದಲ್ಲಿ ಬಿಸಿಲಿನ ಲೆಕ್ಕ

ನಮ್ಮ ಪುಣೆಯ ಶಿವಾಜಿನಗರದಲ್ಲಿ 1854ರಷ್ಟು ಹಿಂದೆಯೇ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜನ್ನು ನೀವೆಲ್ಲರೂ ಬಲ್ಲಿರಿ. ಅಲ್ಲಿಯ ವಿದ್ಯಾರ್ಥಿಗಳು ನಿರ್ಮಿಸಿದ ‘ಸ್ವಯಂ’ ಎಂಬ ಉಪಗ್ರಹವು 2016ನೆಯ ಇಸವಿಯ ಜೂನ್ 22ರಂದು ಶ್ರೀಹರಿಕೋಟೆಯಿಂದ ಅಂತರಿಕ್ಷಕ್ಕೇರಿತು. ಅದೇ ರಾಕೆಟ್ಟಿನಲ್ಲಿ ಒಟ್ಟು 20 ಉಪಗ್ರಹಗಳಿದ್ದವು. ಅವುಗಳಲ್ಲಿ ಹಿರಿಯದಾದ ಕಾರ್ಟೋಸ್ಯಾಟ್ 727 ಕಿಲೋಗ್ರಾಂ ತೂಗುತ್ತಿದ್ದರೆ, ನಮ್ಮ ಊರಿನದು ಹೆಚ್ಚು ಕಡಿಮೆ ಒಂದೇ ಕಿಲೋಗ್ರಾಂ! ಉದ್ದ, ಅಗಲ, ಎತ್ತರ ಮೂರೂ ಸುಮಾರು 10 ಸೆಂಟಿಮೀಟರ್. ಹವ್ಯಾಸಕ್ಕಾಗಿ ರೇಡಿಯೋ ಕೇಂದ್ರ ನಡೆಸುವವರ ಸಂದೇಶವನ್ನು ಒಂದೆಡೆ ಪಡೆದು ಇನ್ನೊಂದೆಡೆಗೆ ಮುಟ್ಟಿಸುವುದು ಅದರ ಕೆಲಸ. ಇದಕ್ಕೆ ಹಲವು ವರ್ಷಗಳು ಹಿಡಿದವು. ಹಿರಿಯರು ಪದವಿ ಪಡೆದು ಹೊರಟಂತೆ ಕಿರಿಯರು ಕೆಲಸವನ್ನು ಮುಂದುವರಿಸಿದರು.

ಇಂಥ ಪುಟ್ಟ ಪೆಟ್ಟಿಗೆಗೆ ಆಕಾಶದಲ್ಲಿ ವಿದ್ಯುತ್ತು ಎಲ್ಲಿಂದ ದೊರೆಯಬೇಕು? ಬ್ಯಾಟರಿಯನ್ನು ತುಂಬಿ ಕಳುಹಿಸಿದರೆ ಸಾಲದೇ ಎಂದು ನೀವು ಕೇಳಬಹುದು. 1957ರ ಅಕ್ಟೋಬರ್ 4ರಂದು ಹಾರಿದ ಮೊದಲ ಉಪಗ್ರಹ ಸ್ಪುಟ್ನಿಕ್‌ಗೆ ರಷ್ಯದವರು ಹಾಗೆಯೇ ಮಾಡಿದ್ದರು. ಮೂರು ವಾರಗಳಲ್ಲಿ ಬ್ಯಾಟರಿ ಬರಿದಾಗಿ ಅದು ಮೂಕವಾಯಿತು. ಮರುವರ್ಷದ ಮಾರ್ಚ್ 17ರಂದು ಅಮೆರಿಕದವರು ಹಾರಿಸಿದ ವ್ಯಾನ್‌ಗಾರ್ಡ್ ಉಪಗ್ರಹದಲ್ಲಿ ಎರಡು ರೇಡಿಯೋ ಯಂತ್ರಗಳಿದ್ದವು: ಒಂದು ಬ್ಯಾಟರಿಯದು, ಇನ್ನೊಂದು ಆರು ಸೌರಕೋಶಗಳಿಂದ ನಡೆಯುವಂಥದು. ಮೊದಲನೆಯದು ಕೆಲವು ತಿಂಗಳಲ್ಲೇ ನಿಂತಿತು. ಎರಡನೆಯದು 1964ರವರೆಗೆ ಮಾತನಾಡುತ್ತಲೇ ಇದ್ದಿತು. ಸೌರಶಕ್ತಿಯ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಕಿರಲಿಲ್ಲ.

ಸೌರಕೋಶವೆಂದರೆ ಸಿಲಿಕಾನಿನಂಥ ವಸ್ತುವಿನ ತೆಳುವಾದ ಬಿಲ್ಲೆ. ಅದರಲ್ಲಿ ಸ್ವಭಾವಭೇದವುಳ್ಳ ಎರಡು ಪದರಗಳಿರುತ್ತವೆ. ಬೆಳಕು ಬಿದ್ದಾಗ ಇಲೆಕ್ಟ್ರಾನುಗಳು ಬಿಡುಗಡೆ ಹೊಂದುತ್ತವೆ. ಪದರಗಳ ಸಂಧಿಯು ಅವುಗಳನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಆ ಹರಿವೇ ವಿದ್ಯುತ್ತು. ಉರಿಯುವುದೂ ಇಲ್ಲ, ತಿರುಗುವ ಚಕ್ರವೂ ಇಲ್ಲ.

ಮೇಲೆ ಮೋಡವಿಲ್ಲ, ಪುಣೆಯ ಜುಲೈ ತಿಂಗಳಿನ ಮುಸುಕಿಲ್ಲ. ಹಾಗಿದ್ದ ಮೇಲೆ ಬಿಸಿಲಿಗೇನು ಬರ ಎನ್ನುವಿರಾ? ಲೆಕ್ಕ ಮಾಡಿ ನೋಡೋಣ. ವಾಯುಮಂಡಲದ ಹೊರಗೆ ಒಂದು ಚದರ ಮೀಟರಿನ ಮೇಲೆ ಸುಮಾರು 1,361 ವಾಟ್‌ಗಳಷ್ಟು ಬಿಸಿಲು ಬೀಳುತ್ತದೆ. ‘ಸ್ವಯಂ’ನ ಒಂದು ಮುಖವು ಚದರ ಮೀಟರಿನ ನೂರನೆಯ ಒಂದು ಪಾಲು, ಅದಕ್ಕೆ ಬರುವುದು ಹದಿಮೂರೂವರೆ ವಾಟ್. ಉತ್ತಮ ದರ್ಜೆಯ ಕೋಶಗಳೂ ಇದರಲ್ಲಿ ವಿದ್ಯುತ್ತಾಗಿ ಮಾರ್ಪಡಿಸುವುದು ನೂರಕ್ಕೆ ಮೂವತ್ತರಷ್ಟನ್ನು ಮಾತ್ರ. ಮುಖವೆಲ್ಲ ಕೋಶಗಳಿಂದ ತುಂಬಿ ಸೂರ್ಯನಿಗೆ ನೇರವಾಗಿ ನಿಂತರೂ ನಾಲ್ಕೇ ವಾಟ್ ಆಯಿತು! ಮನೆಯ ಸಣ್ಣದೊಂದು ದೀಪದ ಪಾಲು. ಮುಖವು ಓರೆಯಾದರೆ ಅದೂ ಇಲ್ಲ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಿಜವಾದ ತೊಡಕು ನೆರಳಿನದು. ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು 95 ನಿಮಿಷಗಳೊಳಗೆ ಭೂಮಿಯನ್ನು ಒಂದು ಬಾರಿ ಬಳಸುತ್ತದೆ. ಅದರಲ್ಲಿ 35 ನಿಮಿಷಗಳವರೆಗೂ ಅದು ಭೂಮಿಯ ನೆರಳಿನಲ್ಲಿರಬಹುದು. ನಮಗೆ ದಿನಕ್ಕೊಂದು ರಾತ್ರಿಯಾದರೆ ಅದಕ್ಕೆ ಹದಿನೈದು ರಾತ್ರಿಗಳು. ಆದುದರಿಂದ ಬಿಸಿಲಿರುವಾಗ ಕೆಲಸವನ್ನೂ ನಡೆಸಿ, ಮುಂದಿನ ರಾತ್ರಿಗಾಗಿ ಬ್ಯಾಟರಿಯನ್ನೂ ತುಂಬಿಕೊಳ್ಳಬೇಕು. ಹೀಗೆ ತುಂಬಿ ಬರಿದಾಗುವುದು ವರ್ಷಕ್ಕೆ ಐದು ಸಾವಿರ ಬಾರಿಗೂ ಮಿಕ್ಕಿ ನಡೆಯತಕ್ಕದ್ದು.

ಸಂಪಾದನೆ ಸ್ವಲ್ಪವಾದಾಗ ಖರ್ಚನ್ನು ಕಡಿಮೆ ಮಾಡುವುದೇ ಜಾಣತನವಷ್ಟೆ. ದೊಡ್ಡ ಉಪಗ್ರಹಗಳು ತಮ್ಮ ಮುಖವನ್ನು ತಿರುಗಿಸಿಕೊಳ್ಳಲು ವಿದ್ಯುತ್ತಿನಿಂದ ನಡೆಯುವ ಚಕ್ರಗಳನ್ನು ಇಟ್ಟುಕೊಂಡಿರುತ್ತವೆ. ಪುಣೆಯ ವಿದ್ಯಾರ್ಥಿಗಳು ಆ ಗೊಡವೆಗೇ ಹೋಗದೆ ಒಳಗೆ ಅಯಸ್ಕಾಂತವನ್ನು ಇರಿಸಿದರು. ದಿಕ್ಸೂಚಿಯ ಮುಳ್ಳಿನಂತೆ ಅದು ಭೂಮಿಯ ಕಾಂತಶಕ್ತಿಯನ್ನು ಅನುಸರಿಸಿ ಉಪಗ್ರಹವನ್ನು ತಾನೇ ತಿರುಗಿಸುತ್ತದೆ. ತೂಗಾಟವನ್ನು ಅಡಗಿಸಲು ಬೇರೆ ಕಡ್ಡಿಗಳುಂಟು. ಇದಕ್ಕೆ ಒಂದು ಬಿಂದು ವಿದ್ಯುತ್ತೂ ಬೇಡ. ನನ್ನ ಮಟ್ಟಿಗೆ ಆ ಉಪಗ್ರಹದಲ್ಲಿ ಎಲ್ಲಕ್ಕಿಂತ ಮೆಚ್ಚತಕ್ಕ ಸಂಗತಿಯಿದು. ‘ಸ್ವಯಂ’ ಎಂಬ ಹೆಸರೂ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ದೊಡ್ಡವರೂ ಕಷ್ಟವನ್ನು ಕಂಡಿದ್ದಾರೆ. ಉಡುಪಿಯ ಕಡೆಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ‘ಆರ್ಯಭಟ’ವು 1975ರ ಏಪ್ರಿಲ್ 19ರಂದು ರಷ್ಯದ ರಾಕೆಟ್ಟಿನಿಂದ ಮೇಲೇರಿತು. ಅದರ 26 ಮುಖಗಳಲ್ಲಿ 24ಕ್ಕೆ ಸೌರಕೋಶಗಳನ್ನು ಹೊದಿಸಿದ್ದರು. ಆದರೂ ವಿದ್ಯುತ್ ಸರಬರಾಜಿನಲ್ಲಿ ದೋಷವುಂಟಾಗಿ ನಾಲ್ಕೈದು ದಿನಗಳಲ್ಲೇ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು.

2013ರ ನವೆಂಬರ್ 5ರಂದು ಹೊರಟ ಮಂಗಳಯಾನದ ಕಥೆ ಇನ್ನೂ ಬೋಧಪ್ರದವಾಗಿದೆ. ಮಂಗಳನ ಬಳಿ ಬಿಸಿಲು ಇಲ್ಲಿಯ ಅರ್ಧಕ್ಕಿಂತಲೂ ಕಡಿಮೆ. ಅಲ್ಲಿ 840 ವಾಟ್ ಪಡೆಯಲು ಮೂರು ಅಗಲವಾದ ಫಲಕಗಳನ್ನು ಬೇಕೆಂದೇ ಜೋಡಿಸಿದ್ದರು. ಆರು ತಿಂಗಳಿಗೆಂದು ಕಳುಹಿಸಿದ ನೌಕೆ ಮಂಗಳನನ್ನು ಏಳು ವರ್ಷಗಳಿಗೂ ಮೇಲ್ಪಟ್ಟು ಸುತ್ತಿತು. 2022ರ ಏಪ್ರಿಲ್‌ನಲ್ಲಿ ದೀರ್ಘವಾದ ಗ್ರಹಣದ ನೆರಳಿಗೆ ಸಿಕ್ಕಿ ಅದರ ಸಂಪರ್ಕವು ಕಡಿಯಿತು. ಇಂಧನವು ತೀರಿದ್ದರಿಂದ ಫಲಕಗಳನ್ನು ಬೇಕಾದಂತೆ ಸೂರ್ಯನತ್ತ ಹಿಡಿಯಲಾಗಿರಲಿಕ್ಕಿಲ್ಲವೆಂದು ವಿಜ್ಞಾನಿಗಳು ತರ್ಕಿಸಿದರು. ಬಿಸಿಲು ಎದುರಿಗೇ ಇದ್ದರೂ ಅತ್ತ ಮುಖಮಾಡುವ ಶಕ್ತಿಯಿಲ್ಲದಿದ್ದರೆ ಫಲವೇನು?

ಹಾಗಾದರೆ ನೆರಳೇ ಬೀಳದ ಸ್ಥಳವುಂಟೇ? ಉಂಟು. ಭೂಮಿಯಿಂದ ಸೂರ್ಯನ ದಿಕ್ಕಿಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಲಗ್ರಾಂಜ್ ಬಿಂದುವೆಂಬ ತಾಣವಿದೆ. 2023ರ ಸೆಪ್ಟೆಂಬರ್ 2ರಂದು ಹೊರಟ ‘ಆದಿತ್ಯ’ ನೌಕೆಯು 2024ರ ಜನವರಿ 6ರಂದು ಅದರ ಸುತ್ತಣ ಕಕ್ಷೆಯನ್ನು ಸೇರಿತು. ಅಲ್ಲಿಗೆ ಭೂಮಿಯ ನೆರಳು ಮುಟ್ಟುವುದೇ ಇಲ್ಲ. ನೇರಳಾತೀತ ಕಿರಣಗಳಲ್ಲಿ ಸೂರ್ಯನ ಚಿತ್ರ ತೆಗೆಯುವ ಅದರ ದೂರದರ್ಶಕವು ನಮ್ಮ ಗಣೇಶಖಿಂಡದ ಖಗೋಳ ವಿಜ್ಞಾನ ಕೇಂದ್ರವಾದ ‘ಆಯುಕಾ’ದ ನೇತೃತ್ವದಲ್ಲಿ ರೂಪುಗೊಂಡಿತು. ಚಿತ್ರ ತೆಗೆಯುವ ವಿದ್ಯುತ್ತೂ ಆ ಸೂರ್ಯನಿಂದಲೇ ಬರುತ್ತದೆ.