ಹೆಗಲ ಕೀಲೂ ರಬ್ಬರ್ ಪಟ್ಟಿಯೂ

ಮಾನವಶರೀರದ ಸಂಧಿಗಳಲ್ಲೆಲ್ಲ ಅತ್ಯಂತ ಸ್ವಚ್ಛಂದವಾಗಿ ಚಲಿಸಬಲ್ಲದು ಭುಜಸಂಧಿ. ಅಟ್ಟದ ಮೇಲಣ ಡಬ್ಬವನ್ನು ಇಳಿಸುವುದಕ್ಕೂ, ಬೆನ್ನ ಹಿಂದೆ ಕೈಯೊಯ್ದು ಜಡೆ ಹೆಣೆದುಕೊಳ್ಳುವುದಕ್ಕೂ, ಬಾವಿಯಿಂದ ನೀರು ಸೇದುವುದಕ್ಕೂ ಸಮಾನವಾಗಿ ಒದಗಿಬರುವ ಈ ಕೀಲು, ದೊಡ್ಡ ಕೀಲುಗಳ ಪೈಕಿ ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿಹೋಗುವ ಕೀಲೂ ಹೌದು. ಸೊಂಟದಲ್ಲಿ ತೊಡೆಯೆಲುಬಿನ ತಲೆಯು ಒರಳಿನಲ್ಲಿ ಕುಳಿತ ಗುಂಡುಕಲ್ಲಿನಂತೆ ಆಳವಾಗಿ ನೆಲೆಸಿರುವುದು; ಹೆಗಲಿನಲ್ಲಾದರೋ, ತೋಳೆಲುಬಿನ ದುಂಡುತಲೆಗೆ ಆಶ್ರಯವೀಯುವ ಭುಜಫಲಕದ ಗುಳಿಯು ಎಷ್ಟು ಕಿರಿದೂ ಎಷ್ಟು ಆಳವಿಲ್ಲದುದೂ ಆಗಿದೆಯೆಂದರೆ, ಯಾವ ಗಳಿಗೆಯಲ್ಲಿ ನೋಡಿದರೂ ಆ ತಲೆಯ ಸುಮಾರು ಮೂರನೆಯ ಒಂದು ಭಾಗವಷ್ಟೇ ಗುಳಿಯನ್ನು ಮುಟ್ಟಿಕೊಂಡಿರುವುದು.

ಹೀಗೆ ಎಲುಬು ಮಾಡಲಾರದ ಕಾರ್ಯವನ್ನು ನಾಲ್ಕು ಸಣ್ಣ ಸ್ನಾಯುಗಳು ವಹಿಸಿಕೊಂಡಿವೆ. ಭುಜಫಲಕದಲ್ಲಿ ಹುಟ್ಟಿ, ತೋಳೆಲುಬಿನ ತಲೆಯನ್ನು ಮುಂದಿನಿಂದಲೂ ಮೇಲಿನಿಂದಲೂ ಹಿಂದಿನಿಂದಲೂ ತಬ್ಬಿಕೊಂಡಿರುವ ಈ ಸ್ನಾಯುಸಮೂಹಕ್ಕೆ ವೈದ್ಯರು ರೊಟೇಟರ್ ಕಫ್ ಎನ್ನುತ್ತಾರೆ. ತೋಳನ್ನು ಒಳಕ್ಕೂ ಹೊರಕ್ಕೂ ತಿರುಗಿಸುವುದು ಇವುಗಳ ಕೆಲಸವೆಂಬುದು ನಿಜವಾದರೂ, ಅದಕ್ಕಿಂತ ಹಿರಿದಾದುದು ಆ ತಲೆಯನ್ನು ಗುಳಿಯ ಕಡೆಗೆ ಅದುಮಿ ಹಿಡಿದಿರುವ ಕೆಲಸ. ಹೆಗಲಿಗೆ ದುಂಡಾದ ಆಕಾರವನ್ನು ಕೊಡುವ ಡೆಲ್ಟಾಯ್ಡ್ ಎಂಬ ದೊಡ್ಡ ಸ್ನಾಯುವು ತೋಳನ್ನೆತ್ತಲು ತೊಡಗಿದಾಗ, ಮೊದಮೊದಲು ಅದರ ಸೆಳೆತವು ಬಹುಮಟ್ಟಿಗೆ ಮೇಲ್ಮುಖವಾಗಿರುವುದರಿಂದ, ತಡೆಯುವವರಿಲ್ಲದಿದ್ದಲ್ಲಿ ತೋಳೆಲುಬಿನ ತಲೆಯು ಮೇಲಕ್ಕೆ ಜಾರಿ ಭುಜಫಲಕದ ಚಾಚುತುದಿಯನ್ನು ಸಮೀಪಿಸುವುದು. ಅವೆರಡರ ನಡುವಣ ಎಡೆಯಾದರೂ ಎಷ್ಟು? ಸುಮಾರು 1 ಸೆಂಟಿಮೀಟರು. ಆ ಇಕ್ಕಟ್ಟಿನಲ್ಲಿಯೇ ಸ್ನಾಯುರಜ್ಜುವೊಂದು ಹಾದುಹೋಗಬೇಕು. ಕಣ್ಣಿಗೆ ಕಾಣುವ ಡೆಲ್ಟಾಯ್ಡನ್ನು ಭಾರವೆತ್ತಿ ಬೆಳೆಸಿ, ಕಾಣದ ನಾಲ್ವರನ್ನು ಮರೆತುಬಿಡುವ ತರುಣರನ್ನು ಕಂಡಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ತೋಳು ಒಂಟಿಯಾಗಿ ಏಳುವುದಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತೋಳಿಗೂ ಭುಜಫಲಕಕ್ಕೂ ಇರುವ ಲಯಬದ್ಧ ಸಂಬಂಧವನ್ನು ವಿವರಿಸಿದನು. 1944ರಲ್ಲಿ ಇನ್ಮನ್ ಮತ್ತು ಆತನ ಸಂಗಡಿಗರು ಅದನ್ನು ಅಳೆದು, ಒಟ್ಟಿನಲ್ಲಿ ತೋಳು ಎರಡು ಪಾಲು ಎದ್ದರೆ ಭುಜಫಲಕವು ಒಂದು ಪಾಲು ಹೊರಳುವುದೆಂದು ತೋರಿಸಿದರು. ಓದುಗರು ಎಡಗೈಯ ಬೆರಳುಗಳನ್ನು ಬಲಗಂಕುಳಿನ ಹಿಂಬದಿಯಲ್ಲಿರಿಸಿ, ಬಲತೋಳನ್ನು ಮೆಲ್ಲನೆ ಪಕ್ಕದಿಂದ ಮೇಲೆತ್ತಿದರೆ, ಭುಜಫಲಕದ ಕೆಳತುದಿಯು ಹೊರಕ್ಕೆ ಸರಿದು ಬರುವುದು ಕೈಗೇ ತಿಳಿಯುವುದು.

ಈ ಸಣ್ಣ ಸ್ನಾಯುಗಳಿಗೆ ರಬ್ಬರ್ ಪಟ್ಟಿಯೇ ಏಕೆ? ಡಂಬೆಲ್ಲಿನ ಭಾರವು ಸದಾ ಭೂಮಿಯ ಕಡೆಗೇ ಎಳೆಯುವುದು. ಆದಕಾರಣ ನಿಂತುಕೊಂಡು ಮೊಳಕೈಯನ್ನು ಮಡಿಸಿ ಡಂಬೆಲ್ಲನ್ನು ಅತ್ತಿತ್ತ ತಿರುಗಿಸಿದರೆ, ಅದನ್ನು ಹೊತ್ತಿರುವ ಶ್ರಮವೆಲ್ಲ ಮೊಳಕೈಯನ್ನು ಮಡಿಸುವ ಸ್ನಾಯುಗಳಿಗೆ ಸಲ್ಲುವುದೇ ಹೊರತು ತೋಳನ್ನು ತಿರುಗಿಸುವವಕ್ಕೆ ಹೆಚ್ಚೇನೂ ದಕ್ಕುವುದಿಲ್ಲ. ಪಟ್ಟಿಯಾದರೋ ಕಟ್ಟಿದ ದಿಕ್ಕಿಗೆ ಎಳೆಯುವುದು. ಎಷ್ಟು ಹಿಗ್ಗಿದರೆ ಅಷ್ಟು ಬಿಗಿಯುವುದು. ಹಿಡಿತವನ್ನು ಒಂದಂಗುಲ ಸಡಿಲಿಸಿದರೂ ಹೊರೆಯು ತಗ್ಗುವುದಾದ್ದರಿಂದ, ಪೆಟ್ಟು ತಿಂದ ಹೆಗಲಿಗೆ ಇದಕ್ಕಿಂತ ಸೌಮ್ಯವಾದ ಉಪಕರಣವು ದುರ್ಲಭ.

ಪಟ್ಟಿಯನ್ನು ಕಿಟಕಿಯ ಗಟ್ಟಿಸರಳಿಗೆ ಮೊಳಕೈಯ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಬಲಭುಜಕ್ಕೆ ವ್ಯಾಯಾಮ ಬೇಕಾದಲ್ಲಿ ಎಡಮಗ್ಗುಲು ಕಿಟಕಿಯ ಕಡೆಗಿರುವಂತೆ ನಿಲ್ಲಬೇಕು. ಬಲಮೊಳಕೈಯನ್ನು ಲಂಬಕೋನವಾಗಿ ಮಡಿಸಿ, ಅದಕ್ಕೂ ಪಕ್ಕೆಗೂ ನಡುವೆ ಸುರುಳಿ ಸುತ್ತಿದ ಟವಲೊಂದನ್ನು ಇರುಕಿಸಿಕೊಳ್ಳಬೇಕು. ತೋಳು ಪಕ್ಕೆಯನ್ನು ಬಿಟ್ಟು ಅಲೆದೊಡನೆ ಟವಲು ಜಾರಿಬಿದ್ದು ತಪ್ಪನ್ನು ತಿಳಿಸುವುದು. ಪಟ್ಟಿಯ ತುದಿಯನ್ನು ಹೊಟ್ಟೆಯ ಮುಂದೆ ಹಿಡಿದು, ಮಣಿಕಟ್ಟನ್ನು ಬಾಗಿಸದೆ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ಒಂದು ಕ್ಷಣ ತಡೆದು, ಮೂರು ನಾಲ್ಕು ಎಣಿಸುವಷ್ಟು ನಿಧಾನವಾಗಿ ಹಿಂದಿರುಗಬೇಕು. ಬಹುಮಂದಿ ಎಳೆಯುವಾಗ ಶ್ರದ್ಧೆಯಿಂದಿದ್ದು ಹಿಂದಿರುಗುವಾಗ ಕೈಬಿಟ್ಟುಬಿಡುತ್ತಾರೆ. ಸ್ನಾಯುವು ಉದ್ದವಾಗುತ್ತಲೇ ಎಳೆತವನ್ನು ತಡೆದುಕೊಳ್ಳುವ ಆ ಮರಳುನಡೆಯೇ ಅರ್ಧ ವ್ಯಾಯಾಮ. ಮಗ್ಗುಲು ಬದಲಿಸಿ ನಿಂತು ಅದೇ ಕೈಯನ್ನು ಒಳಕ್ಕೆ ಎಳೆದರೆ ಮುಂಬದಿಯ ಸ್ನಾಯುವಿಗೆ ಕೆಲಸ. ಕಿಟಕಿಗೆ ಮುಖಮಾಡಿ ಎರಡು ತುದಿಗಳನ್ನೂ ಹಿಡಿದು ಮೊಳಕೈಗಳನ್ನು ಹಿಂದೊಯ್ದರೆ ಭುಜಫಲಕಗಳನ್ನು ಕೂಡಿಸುವ ಸ್ನಾಯುಗಳಿಗೆ ಕೆಲಸ. ಒಂದೊಂದನ್ನೂ ಹತ್ತರಿಂದ ಹದಿನೈದು ಸಲದಂತೆ ಎರಡು ಆವೃತ್ತಿ, ದಿನ ಬಿಟ್ಟು ದಿನ ಮಾಡಿದರೆ ಆರಂಭಕ್ಕೆ ಸಾಕು.

ಬಿದ್ದ ಮೇಲೆ ತೋಳೆತ್ತಲಾಗದವರೂ, ರಾತ್ರಿ ನೋವಿನಿಂದ ನಿದ್ದೆಗೆಟ್ಟವರೂ, ಕೀಲು ದಿನೇದಿನೇ ಬಿಗಿದುಕೊಳ್ಳುತ್ತಿರುವವರೂ—ಮಧುಮೇಹಿಗಳಲ್ಲಿ ಈ ಬಿಗಿತವು ವಿಶೇಷವಾಗಿ ಕಂಡುಬರುವುದು—ಪಟ್ಟಿಯನ್ನು ಮುಟ್ಟುವುದಕ್ಕೆ ಮೊದಲು ವೈದ್ಯರನ್ನು ಕಾಣತಕ್ಕದ್ದು. ಉಳಿದವರಿಗೆ ಬೇಕಾದುದು ತಾಳ್ಮೆ. ಮೊದಲ ಕೆಲವು ವಾರಗಳಲ್ಲಿ ಒದಗುವ ಬಲವು ಬಹುಪಾಲು ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿತುದರ ಫಲ. ಸ್ನಾಯುವು ಬಲಿಯುವುದು ಆಮೇಲೆ, ಸ್ನಾಯುರಜ್ಜುವು ಗಟ್ಟಿಯಾಗುವುದು ಅದಕ್ಕೂ ತಡವಾಗಿ. ಆದಕಾರಣ ಕೈಗೆ ಸುಲಭವೆನಿಸಿದೊಡನೆ ಹೆಚ್ಚು ಬಿಗಿಯಾದ ಪಟ್ಟಿಗೆ ಹಾರದೆ, ಹದಿನೈದನೆಯ ಸಲವೂ ಮೊದಲನೆಯ ಸಲದಷ್ಟೇ ನಿಧಾನವಾಗಿ, ಟವಲು ಜಾರದಂತೆ, ಕೆಲವು ವಾರ ಸಾಗಿದ ಮೇಲೆಯೇ ಬದಲಾಯಿಸುವುದು ಒಳ್ಳೆಯದು; ಪಟ್ಟಿಯ ಬಣ್ಣಕ್ಕೂ ಬಿಗಿತಕ್ಕೂ ಇರುವ ಸಂಬಂಧವು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ, ಕೊಳ್ಳುವಾಗ ಬಣ್ಣವನ್ನು ನಂಬದೆ ಎಳೆದು ನೋಡಿಯೇ ಆರಿಸಬೇಕು.